ಪಾರ್ಕಿನ ಪ್ರವಾಸ: ರೂಮಿಗೂ ಊಟಕ್ಕೂ ಹಣ ಕಟ್ಟುವ ಮುನ್ನ

ಬೇಸಿಗೆ ರಜೆಯೋ ದಸರಾ ರಜೆಯೋ ಬಂತೆಂದರೆ ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಕಡೆಗೆ ಕುಟುಂಬಗಳು ಹೊರಡುತ್ತವೆ. ಬೆಂಗಳೂರಿನವರು ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಹುಬ್ಬಳ್ಳಿ, ಕಲಬುರಗಿ, ಉಡುಪಿ ಕಡೆಯಿಂದ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಬರುವವರಿಗೆ ಒಂದೆರಡು ರಾತ್ರಿಯ ತಂಗುದಾಣ ಬೇಕೇ ಬೇಕು. ಟಿಕೆಟ್ ದರವನ್ನು ಎಲ್ಲರೂ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಜೇಬು ಬರಿದಾಗುವುದೂ ಜಗಳ ಹುಟ್ಟುವುದೂ ಹೆಚ್ಚಾಗಿ ರೂಮಿನ ಬಾಬ್ತಿನಲ್ಲಿ, ಊಟದ ಬಿಲ್ಲಿನಲ್ಲಿ. ಈ ಎರಡರಲ್ಲೂ ಕಾನೂನು ಗ್ರಾಹಕನ ಕೈಗೆ ಸಾಕಷ್ಟು ಬಲ ಕೊಟ್ಟಿದೆ. ಆದರೆ ಆ ಬಲ ದಕ್ಕುವುದು ಏನು ಕೊಡುತ್ತೇವೆಂದು ಅವರು ಹೇಳಿದ್ದು ಬರಹದಲ್ಲಿ ನಮ್ಮ ಬಳಿ ಇದ್ದರೆ. ಫೋನಿನಲ್ಲಿ ‘ಎಲ್ಲಾ ಸೇರಿದೆ ಸರ್’ ಎಂದ ಮಾತನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಅದನ್ನೇ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಂಡರೆ ಅದು ಕರಾರಿನ ಭಾಗವಾಗುತ್ತದೆ.

ರೂಮು ಯಾರಿಂದ, ಜವಾಬ್ದಾರಿ ಯಾರದು

ಪಾರ್ಕಿನ ಆವರಣದಲ್ಲೇ ಇರುವ ರೆಸಾರ್ಟ್, ಹತ್ತಿರದ ಹೋಟೆಲು ಅಥವಾ ಲಾಡ್ಜು, ಹೋಂಸ್ಟೇ: ಆಯ್ಕೆ ಸಾಮಾನ್ಯವಾಗಿ ಈ ಮೂರರ ನಡುವೆ. ದರ, ಸೌಕರ್ಯಗಳ ಲೆಕ್ಕ ಒಂದು ಕಡೆಗಿರಲಿ. ತೊಂದರೆಯಾದರೆ ಉತ್ತರ ಹೇಳಬೇಕಾದವರು ಯಾರು ಎಂಬುದನ್ನೂ ಆಗಲೇ ಯೋಚಿಸಬೇಕು. ಬಿಡದಿಯಲ್ಲಿರುವಂತೆ ಪಾರ್ಕಿನವರದೇ ರೆಸಾರ್ಟ್ ಇದ್ದು, ರೂಮನ್ನೂ ಪ್ರವೇಶವನ್ನೂ ಒಂದೇ ಪ್ಯಾಕೇಜಾಗಿ ಕೊಂಡರೆ ಎದುರು ಪಕ್ಷ ಒಂದೇ ಆಗಿರುತ್ತದೆ. ದುರಸ್ತಿಗೆಂದು ಪಾರ್ಕ್ ಮುಚ್ಚಿದರೆ, ಹೇಳಿದ ಸವಲತ್ತು ಸಿಗದಿದ್ದರೆ ಇಡೀ ಪ್ಯಾಕೇಜಿನ ಬಗ್ಗೆ ಅವರನ್ನೇ ಕೇಳಬಹುದು. ಟಿಕೆಟ್ ಒಂದು ಕಡೆ, ರೂಮು ಇನ್ನೊಂದು ಕಡೆ ಮಾಡಿಸಿದ್ದರೆ ಪಾರ್ಕ್ ಮುಚ್ಚಿದ ಕಾರಣಕ್ಕೆ ಹೋಟೆಲಿನವರು ಹಣ ಹಿಂತಿರುಗಿಸಬೇಕಾಗಿಲ್ಲ. ಪ್ಯಾಕೇಜ್ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಪ್ರವೇಶ ಒಂದು ದಿನಕ್ಕೋ, ರೂಮು ಖಾಲಿ ಮಾಡುವ ದಿನಕ್ಕೂ ಉಂಟೋ?

ಮಕ್ಕಳ ವಿಷಯದಲ್ಲಿ ಗೊಂದಲ ಸಹಜ. ಇಂಥ ಪಾರ್ಕುಗಳಲ್ಲಿ ಮಕ್ಕಳ ಟಿಕೆಟನ್ನು ಸಾಮಾನ್ಯವಾಗಿ ಎತ್ತರ ಅಳೆದು ನಿರ್ಧರಿಸುತ್ತಾರೆ. ಹೋಟೆಲಿನವರು ವಯಸ್ಸು ನೋಡುತ್ತಾರೆ. ಹತ್ತು ವರ್ಷದ ಎತ್ತರದ ಹುಡುಗನಿಗೆ ಒಂದು ಕಡೆ ದೊಡ್ಡವರ ದರ, ಇನ್ನೊಂದು ಕಡೆ ಮಕ್ಕಳ ದರ ಬೀಳಬಹುದು. ಮಗುವಿಗೆ ಬೇರೆ ಹಾಸಿಗೆ ಹಾಕಿಸಿದರೆ ಎಷ್ಟು, ಅದರಲ್ಲಿ ತಿಂಡಿ ಸೇರಿದೆಯೇ ಎಂಬುದನ್ನು ಮಕ್ಕಳ ವಯಸ್ಸು ನಮೂದಿಸಿಯೇ ಕೇಳಿ, ಉತ್ತರ ಉಳಿಸಿಕೊಳ್ಳಿ.

ತೆರಿಗೆಯ ಲೆಕ್ಕವೂ ಆಯ್ಕೆಯನ್ನು ಬದಲಿಸಬಲ್ಲದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. 7,400 ರೂಪಾಯಿಯ ರೂಮಿಗೆ ತೆರಿಗೆ 370 ರೂಪಾಯಿ. 7,600ರ ರೂಮಿಗೆ 1,368. ಬಾಡಿಗೆಯ ವ್ಯತ್ಯಾಸ 200 ರೂಪಾಯಿ, ಕೈಯಿಂದ ಹೋಗುವ ಹಣದ ವ್ಯತ್ಯಾಸ 1,198. ಬೋರ್ಡಿನಲ್ಲಿ ಬರೆದ ದರಕ್ಕಲ್ಲ, ರಿಯಾಯಿತಿ ಕಳೆದು ನಾವು ನಿಜವಾಗಿ ಕೊಡುವ ಬಾಡಿಗೆಗೆ ತೆರಿಗೆ ಹಾಕಬೇಕು. ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಹೋಂಸ್ಟೇ ತಾನಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಕಂಡರೆ ಜಿಎಸ್‌ಟಿ ಸಂಖ್ಯೆಯೂ ಇರಬೇಕು, ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಆ್ಯಪ್, ವೆಬ್‌ಸೈಟ್‌ಗಳ ಮೂಲಕ ಬುಕ್ ಮಾಡುವವರಿಗೆ ಎರಡು ನಿಯಮಾವಳಿಗಳು ಕಾವಲಿಗಿವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಗ್ರಾಹಕನನ್ನು ದಾರಿತಪ್ಪಿಸುವ ವಿನ್ಯಾಸಗಳನ್ನು ನಿಷೇಧಿಸಿತು. ಮೊದಲು ಕಡಿಮೆ ದರ ತೋರಿಸಿ ಹಣ ಕಟ್ಟುವ ಕೊನೆಯ ಹೊತ್ತಿಗೆ ಶುಲ್ಕಗಳನ್ನು ಒಂದೊಂದಾಗಿ ಸೇರಿಸುವುದು, ನಾವು ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ನುಸುಳಿಸುವುದು, ‘ಒಂದೇ ರೂಮು ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಮ್ಮ ಒಪ್ಪಿಗೆಯ ಜಾಗದಲ್ಲಿ ಅವರೇ ಮೊದಲೇ ಟಿಕ್ ಹಾಕಿಡುವಂತಿಲ್ಲ. ದೂರು ಅಧಿಕಾರಿಯ ಹೆಸರನ್ನು ಪ್ರಕಟಿಸಿರಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಬುಕಿಂಗ್ ರದ್ದಾದಾಗಿನ ಹಣವೇ ಎಲ್ಲಕ್ಕಿಂತ ದೊಡ್ಡ ತಗಾದೆ. ಹೋಟೆಲು ಇಷ್ಟು ದಿನ ಮೊದಲು ತಿಳಿಸಿದರೆ ಇಷ್ಟು ಹಣ ವಾಪಸು ಕೊಡಲೇಬೇಕೆಂದು ಯಾವ ಕಾಯ್ದೆಯೂ ನಿಗದಿ ಮಾಡಿಲ್ಲ. ಒಪ್ಪಿಕೊಂಡ ಷರತ್ತೇ ಮೊದಲ ಆಧಾರ. ಹಾಗೆಂದು ಎಂಥ ಷರತ್ತಾದರೂ ನಡೆಯುತ್ತದೆ ಎಂದಲ್ಲ. ಆಗುವ ನಷ್ಟಕ್ಕೆ ತಾಳಮೇಳವಿಲ್ಲದಷ್ಟು ದಂಡ ಹಾಕುವ, ಕಾರಣವಿಲ್ಲದೆ ಒಂದೇ ಪಕ್ಷ ಕರಾರು ಮುರಿಯಲು ಬಿಡುವ ಷರತ್ತುಗಳನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(46) ಅನ್ಯಾಯದ ಕರಾರು ಎನ್ನುತ್ತದೆ. ಆನ್‌ಲೈನ್ ಸಂಸ್ಥೆ ತಾನೇ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರುವುದಾದರೆ ಮಾತ್ರ ಗ್ರಾಹಕನಿಂದ ರದ್ದತಿ ಶುಲ್ಕ ಪಡೆಯಬಹುದು. ದೃಢಪಡಿಸಿದ ಬುಕಿಂಗ್ ಹಿಡಿದು ರಾತ್ರಿ ಹತ್ತಕ್ಕೆ ಹೋದ ಕುಟುಂಬಕ್ಕೆ ‘ರೂಮಿಲ್ಲ’ ಎಂದರೆ ಅದು ಸೇವಾ ನ್ಯೂನತೆ. ಆಗ ಬೇರೆ ಕಡೆ ತಂಗಲು ಆದ ಹೆಚ್ಚುವರಿ ವೆಚ್ಚದ ಬಿಲ್ಲನ್ನೂ ಆಟೋ ಬಾಡಿಗೆಯ ವಿವರವನ್ನೂ ಇಟ್ಟುಕೊಳ್ಳಿ, ಪರಿಹಾರ ಕೇಳುವಾಗ ಅವೇ ಆಧಾರ.

ರೂಮಿಗೆ ಕಾಲಿಡುವ ಹೊತ್ತಿನ ಕೆಲವು ಸಂಗತಿ. ಗುರುತಿನ ಚೀಟಿ ಕೇಳುವುದು ಸರಿ. ಆಧಾರ್ ಒಂದೇ ಆಗಬೇಕೆಂದು ಹಟ ಮಾಡುವುದು ಸರಿಯಲ್ಲ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಸಾಕು. ಆಧಾರ್ ಕೊಡುವುದೇ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ. ಕಾರಿನ ಕೀಲಿಯನ್ನು ಹೋಟೆಲಿನ ಸಿಬ್ಬಂದಿಯ ಕೈಗೆ ಕೊಟ್ಟು ನಿಲ್ಲಿಸಿದ ವಾಹನ ಕಳುವಾದರೆ, ಚೀಟಿಯಲ್ಲಿ ‘ಮಾಲೀಕರ ಹೊಣೆ’ ಎಂದು ಅಚ್ಚಾಗಿದ್ದರೂ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ನುಣುಚಿಕೊಳ್ಳಲಾಗದು ಎಂದು ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿದೆ. ನೀರಾಟದ ಪಾರ್ಕಿನ ಬಟ್ಟೆ ಬದಲಿಸುವ ಕೋಣೆಯಲ್ಲಾಗಲಿ ತಂಗುವ ರೂಮಿನಲ್ಲಾಗಲಿ ಕ್ಯಾಮೆರಾ ಕಂಡರೆ ಆಡಳಿತದವರೊಡನೆ ವಾದಕ್ಕೆ ನಿಲ್ಲಬೇಡಿ, ಕ್ಯಾಮೆರಾ ಮುಟ್ಟಬೇಡಿ, ನೇರವಾಗಿ 112ಕ್ಕೆ ಕರೆ ಮಾಡಿ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 77ರ ಅಪರಾಧ. ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ ಸೆರೆವಾಸ.

ಊಟ: ಪ್ಲಾನಿನಿಂದ ಬಿಲ್ಲಿನವರೆಗೆ

ಹೋಟೆಲಿನವರು ಇಪಿ, ಸಿಪಿ, ಎಂಎಪಿ, ಎಪಿ ಎನ್ನುತ್ತಾರೆ. ಇಪಿ ಎಂದರೆ ಬರೀ ರೂಮು. ಸಿಪಿಯಲ್ಲಿ ಬೆಳಗಿನ ತಿಂಡಿ ಸೇರಿದೆ. ಎಂಎಪಿಯಲ್ಲಿ ತಿಂಡಿಯೊಂದಿಗೆ ಒಂದು ಹೊತ್ತಿನ ಊಟ, ಎಪಿಯಲ್ಲಿ ಮೂರೂ ಹೊತ್ತು. ಇಡೀ ದಿನ ಪಾರ್ಕಿನೊಳಗೆ ಕಳೆಯುವ ಕುಟುಂಬಕ್ಕೆ ಎಪಿ ಪ್ಲಾನ್ ಕೊಳ್ಳುವುದು ನನ್ನ ಮಟ್ಟಿಗೆ ದಂಡ: ಮಧ್ಯಾಹ್ನದ ಊಟ ಹೋಟೆಲಿನಲ್ಲೇ ಉಳಿಯುತ್ತದೆ, ಹಸಿದ ಮಕ್ಕಳಿಗೆ ಪಾರ್ಕಿನಲ್ಲಿ ಮತ್ತೆ ಹಣ ಕೊಟ್ಟೇ ಕೊಡಿಸಬೇಕಾಗುತ್ತದೆ. ತಿಂಡಿ ಮತ್ತು ರಾತ್ರಿಯೂಟದ ಎಂಎಪಿ ಹೊಂದುತ್ತದೆ, ಆದರೆ ಆ ‘ಒಂದು ಊಟ’ ರಾತ್ರಿಯದೇ ಎಂದು ಬರೆಸಿಕೊಳ್ಳಬೇಕು. ಪಾರ್ಕ್ ಬೇಗ ತೆರೆಯುವ ದಿನ ತಿಂಡಿ ಎಷ್ಟು ಗಂಟೆಗೆ ಶುರು, ಬಫೆ ಇಲ್ಲದ ದಿನ ಏನು ಕೊಡುತ್ತಾರೆ ಎಂಬುದನ್ನೂ ವಿಚಾರಿಸಿ. ಪ್ಲಾನಿನಲ್ಲಿ ಹೇಳಿದ ಊಟ ಸಿಗದಿದ್ದರೆ ಅದೂ ಸೇವಾ ನ್ಯೂನತೆಯೇ.

ಪಾರ್ಕಿನ ಬಾಗಿಲಲ್ಲಿ ಚಿತ್ರಾನ್ನದ ಡಬ್ಬಿಗೆ ತಡೆ ಬೀಳುವುದು ನಮ್ಮ ಜನರಿಗೆ ನಿಜಕ್ಕೂ ನೋವಿನ ಸಂಗತಿ. ಕಾನೂನು ಈ ವಿಷಯದಲ್ಲಿ ಎರಡೂ ಕಡೆ ನೋಡಿದೆ. ಸಿನಿಮಾ ಮಂದಿರಗಳ ಪ್ರಕರಣದಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟ್, ಹೊರಗಿನ ತಿನಿಸು ತರಬಾರದೆಂಬ ಷರತ್ತು ಹಾಕಲು ಮಾಲೀಕರಿಗೆ ಹಕ್ಕಿದೆ ಎಂದಿತು. ಜೊತೆಗೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಎಳೆಯ ಮಕ್ಕಳಿಗೆ ಬೇಕಾದಷ್ಟು ಆಹಾರವನ್ನು ತಂದೆತಾಯಿ ತರಲು ಬಿಡಬೇಕು ಎಂಬುದನ್ನೂ ದಾಖಲಿಸಿತು. ಅದು ಸಿನಿಮಾ ಮಂದಿರಗಳ ಬಗೆಗಿನ ತೀರ್ಪು, ಪಾರ್ಕುಗಳಿಗೆ ನೇರವಾಗಿ ಹೊರಡಿಸಿದ ಆದೇಶವಲ್ಲ. ಆದರೂ ಖಾಸಗಿ ಸ್ಥಳದ ಷರತ್ತು ಎಂಬ ತರ್ಕ ಎರಡಕ್ಕೂ ಒಂದೇ. ಮಧುಮೇಹದ ಅಜ್ಜಿಗೆ, ಅಲರ್ಜಿಯಿರುವ ಮಗುವಿಗೆ ಬೇಕಾದ ಆಹಾರವನ್ನು ಒಳಗೆ ಬಿಡಲು ಮೊದಲೇ ಇಮೇಲ್ ಮಾಡಿ ಒಪ್ಪಿಗೆ ಪಡೆದು, ವೈದ್ಯರ ಚೀಟಿ ಜೊತೆಗಿಟ್ಟುಕೊಂಡರೆ ಗೇಟಿನಲ್ಲಿ ವಾದಿಸುವ ಪ್ರಮೇಯ ಬರದು.

ನೀರಿನ ಬಾಟಲಿಯ ಬೆಲೆ ಇನ್ನೊಂದು ಗೋಜಲು. ಕುಳಿತು ತಿನ್ನುವ ಹೋಟೆಲು, ರೆಸ್ಟೋರೆಂಟ್‌ಗಳು ಬಾಟಲಿಯ ನೀರನ್ನು ಎಂಆರ್‌ಪಿಗಿಂತ ಹೆಚ್ಚು ದರಕ್ಕೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 12ರಂದು ತೀರ್ಪಿತ್ತಿದೆ. ಅಲ್ಲಿ ಮಾರಾಟದ ಜೊತೆಗೆ ಸೇವೆಯೂ ಇದೆ ಎಂಬುದು ಅದರ ಆಧಾರ. ಕೌಂಟರಿನಲ್ಲಿ ಬಾಟಲಿ ಕೊಟ್ಟು ಕಳಿಸುವ ಅಂಗಡಿಗೆ ಆ ರಿಯಾಯಿತಿ ಇಲ್ಲ. ಪೊಟ್ಟಣ ಸರಕುಗಳ ನಿಯಮದಂತೆ ಎಂಆರ್‌ಪಿಗಿಂತ ಹೆಚ್ಚು ಪಡೆಯುವುದೂ, ಒಂದೇ ಬಗೆಯ ಸರಕಿಗೆ ಬೇರೆಬೇರೆ ಎಂಆರ್‌ಪಿ ಅಚ್ಚು ಹಾಕಿಸುವುದೂ ತಪ್ಪು. ಬಿಲ್ಲು ಮತ್ತು ಬಾಟಲಿಯ ಫೋಟೊ ಇಟ್ಟುಕೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಸರ್ವೀಸ್ ಚಾರ್ಜ್ ಬಗ್ಗೆ ಸಂಕೋಚ ಪಡಬೇಕಾಗಿಲ್ಲ. ಅದು ಸರ್ಕಾರದ ತೆರಿಗೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿಯಂತೆ ಹೋಟೆಲು, ರೆಸ್ಟೋರೆಂಟುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡದವರಿಗೆ ಪ್ರವೇಶ ನಿರಾಕರಿಸುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ರೆಸ್ಟೋರೆಂಟ್ ಸಂಘಗಳು ಅದರ ವಿರುದ್ಧ ಮೇಲ್ಮನವಿ ಹೋಗಿವೆ. ‘ಇದನ್ನು ತೆಗೆದು ಬಿಲ್ ಕೊಡಿ’ ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ನಿಂತು ಹೇಳಿ. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ಟಿಪ್ಸ್ ಕೊಡಬೇಕೆನಿಸಿದರೆ ಅವನ ಕೈಗೇ ಕೊಡಿ.

ಊಟದ ಬಿಲ್ಲಿಗೆ ಸಾಮಾನ್ಯವಾಗಿ ಶೇ 5ರ ಜಿಎಸ್‌ಟಿ. ದುಬಾರಿ ರೂಮುಗಳಿರುವ, ಕಾನೂನು ಪ್ರತ್ಯೇಕವಾಗಿ ಗುರುತಿಸಿದ ಹೋಟೆಲ್ ಆವರಣದ ರೆಸ್ಟೋರೆಂಟಿನಲ್ಲಿ ಶೇ 18 ಬೀಳುತ್ತದೆ. ಬೆಲೆ ಹೋಲಿಸುವಾಗ ಇದು ನೆನಪಿರಲಿ. 2022ರ ಜನವರಿ 1ರಿಂದ ಆಹಾರದ ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ, ಒಟ್ಟು 14 ಅಂಕಿ, ಇರಲೇಬೇಕು. ಊಟದಿಂದ ಮಗು ಹಾಸಿಗೆ ಹಿಡಿದರೆ ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು. ಆದರೆ ವೈದ್ಯರು ಆಹಾರದ ಕಾರಣವನ್ನು ಚೀಟಿಯಲ್ಲಿ ದಾಖಲಿಸುವಂತೆ ಕೇಳಿಕೊಳ್ಳಿ, ಊಟದ ಬಿಲ್ಲು ಕಳೆಯಬೇಡಿ, ಆಹಾರ ಸುರಕ್ಷತಾ ಅಧಿಕಾರಿಗೆ ತಡಮಾಡದೆ ತಿಳಿಸಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಕಲಂ 65ರಲ್ಲಿ ಇಂಥ ಹಾನಿಗೆ ಪರಿಹಾರವಿದೆ: ತೀವ್ರ ಹಾನಿಗೆ 3 ಲಕ್ಷ ರೂಪಾಯಿವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ, ಪ್ರಾಣಹಾನಿಗೆ 5 ಲಕ್ಷಕ್ಕೆ ಕಡಿಮೆಯಿಲ್ಲದಂತೆ.

ದೂರಿನ ದಾರಿ

ಸ್ಥಳದಲ್ಲೇ ಮ್ಯಾನೇಜರಿಗೆ ಲಿಖಿತ ದೂರು ಕೊಟ್ಟು ಅದರ ಫೋಟೊ ತೆಗೆದುಕೊಳ್ಳಿ. ಬಿಲ್ಲನ್ನೇ ಕೊಡದಿದ್ದರೆ ಅದೂ ಅನುಚಿತ ವ್ಯಾಪಾರ ಪದ್ಧತಿ. ಊರಿಗೆ ಮರಳಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ದೂರು ದಾಖಲಿಸಬಹುದು. ಇದು ನ್ಯಾಯಾಲಯವಲ್ಲ, ಎದುರು ಪಕ್ಷದೊಡನೆ ಮಾತಾಡಿ ಬಗೆಹರಿಸುವ ವ್ಯವಸ್ಥೆ. ರೂಮೇ ಇಲ್ಲದ ನಕಲಿ ವೆಬ್‌ಸೈಟಿಗೆ ಹಣ ಕಟ್ಟಿದ್ದು ಗೊತ್ತಾದರೆ ಒಂದು ಗಂಟೆಯೂ ಕಾಯದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಹಣ ಕೈಬದಲಾಗುವ ಮೊದಲೇ ಖಾತೆ ತಡೆಹಿಡಿಸುವ ಸಾಧ್ಯತೆ ಆಗಷ್ಟೇ ಇರುತ್ತದೆ.

1915ರ ಮಾತುಕತೆಯಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನಾವು ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಅಲ್ಲಿಗೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇಡೀ ಪ್ರವಾಸಕ್ಕೆ ಖರ್ಚು ಮಾಡಿದ್ದು ಈ ಮಿತಿಯೊಳಗೇ ಇರುತ್ತದೆ. ಹಳೆಯ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎದುರು ಪಕ್ಷ ಇರುವ ಅಥವಾ ಘಟನೆ ನಡೆದ ಊರಿಗೇ ಅಲೆಯಬೇಕಾಗುತ್ತಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯ್ದೆಯ ಕಲಂ 34 ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹೂಡಲು ಅವಕಾಶ ಕೊಟ್ಟಿತು. ಬಿಡದಿಯ ಹೋಟೆಲಿನ ಮೇಲೆ ಕಲಬುರಗಿಯ ಆಯೋಗದಲ್ಲಿ ದಾವೆ ಹೂಡಬಹುದು. ದೂರದಿಂದ ಬರುವ ಕುಟುಂಬಗಳಿಗೆ ಈ ಕಾಯ್ದೆ ಕೊಟ್ಟ ಅತಿ ದೊಡ್ಡ ಅನುಕೂಲವೆಂದು ನಾನು ಭಾವಿಸುವುದು ಇದನ್ನೇ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲೂ ಕೋರಬಹುದು.

ಷರತ್ತೇ ಅನ್ಯಾಯದ್ದು, ಅದನ್ನು ಅಸಿಂಧುಗೊಳಿಸಬೇಕು ಎಂದು ಕೇಳುವುದಾದರೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವಾ ನ್ಯೂನತೆಯ ದೂರಿಗೆ ಜಿಲ್ಲಾ ಆಯೋಗ ಸಾಕು. ಈ ವ್ಯತ್ಯಾಸ ತಿಳಿಯದೆ ಬರೆದ ದೂರು ವಾಪಸು ಬರಬಹುದು. ದೂರಿನಲ್ಲಿ ಘಟನೆಯ ದಿನ, ಕಟ್ಟಿದ ಮೊತ್ತ, ಒಪ್ಪಿದ್ದು ಏನು, ಸಿಕ್ಕಿದ್ದು ಏನು, ಕೇಳುವ ಪರಿಹಾರ ಎಷ್ಟು ಎಂಬುದಿರಲಿ. ಬುಕಿಂಗ್ ದೃಢೀಕರಣ, ಬಿಲ್ಲುಗಳು, ಚಾಟ್‌ಗಳ ಪ್ರತಿಯೊಂದಿಗೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಬೇಕು. ದೂರನ್ನು ಅಂಗೀಕರಿಸುವ ಬಗ್ಗೆ ಆಯೋಗ ಸಾಮಾನ್ಯವಾಗಿ 21 ದಿನಗಳಲ್ಲಿ ನಿರ್ಧರಿಸಬೇಕು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ, ಅದರಾಚೆಗೆ ಇಲ್ಲ. ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ತೀರ್ಪು ಬರುವುದು ಅಪರೂಪ, ತಾಳ್ಮೆ ಬೇಕು. ದೂರು ಹೂಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಮತ್ತು ಹಣ ಕೊಡಬೇಕೆಂದು ಆದೇಶವಾದ ಹೋಟೆಲು ಮೇಲ್ಮನವಿ ಹೋಗುವುದಾದರೆ ಆ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು.