ಕಡಿಮೆ ದುಡ್ಡಿನಲ್ಲಿ ಕಾಲಕ್ಕೊಪ್ಪುವ ರುಮಾಲು

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಕಲಬುರಗಿ ಸೀಮೆಯ ಶಾಲೆಗಳಲ್ಲಿ ಶೇರ್ವಾನಿ, ಧೋತರ, ಟೋಪಿಗಳ ಹುಡುಕಾಟ ಶುರುವಾಗುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದನ್ನು ನೆನೆಯುವ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಒಂದು ಕಿರುನಾಟಕವೋ ಸ್ತಬ್ಧಚಿತ್ರವೋ ಆಗಲೇಬೇಕು. ಬಸವ ಜಯಂತಿಗೆ ಕಲ್ಯಾಣದ ಶರಣರು, ರಾಜ್ಯೋತ್ಸವಕ್ಕೆ ವಿಜಯನಗರದ ದರ್ಬಾರು. ಕಮಲಾಪುರದಲ್ಲಿ ಶಾಲೆ ಮಕ್ಕಳಿಗೆ, ಕಲಬುರಗಿಯಲ್ಲಿ ಹವ್ಯಾಸಿ ಗೆಳೆಯರ ತಂಡಕ್ಕೆ ಇಂಥ ಆಟಗಳ ಉಡುಪು ಹೊಂದಿಸುವ ಕೆಲಸ ಬಹಳ ಕಾಲದಿಂದ ನನ್ನ ಪಾಲಿಗೆ ಬಂದಿದೆ. (ಹಂಪಿ ಪಕ್ಕದ ಕಮಲಾಪುರ ಬೇರೆ, ನಮ್ಮದು ಹುಮನಾಬಾದ್ ರಸ್ತೆಯ, ಕೆಂಪು ಬಾಳೆಯ ಕಮಲಾಪುರ.) ಅಂಗಿ, ಧೋತರ ಹೇಗೋ ಸಾಗಿಬಿಡುತ್ತವೆ. ನೋಡುವವರ ಕಣ್ಣು ಮೊದಲು ಹೋಗುವುದು ಮುಖಕ್ಕೆ, ಅದರ ಮೇಲಿನ ರುಮಾಲಿಗೆ. ಅದು ಕಾಲಕ್ಕೆ ಒಪ್ಪದಿದ್ದರೆ ಪಾತ್ರ ಆಡುವ ಮಾತಿನ ಮೇಲೂ ನಂಬಿಕೆ ಹುಟ್ಟುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಏನು ಮಾಡಬಹುದು ಎಂಬುದನ್ನು ನಾನು ಕಲಿತಷ್ಟು ಇಲ್ಲಿ ಬರೆದಿದ್ದೇನೆ.

1. ಮೊದಲು ಇಸವಿ, ಆಮೇಲೆ ಅಂಗಡಿ

ಮೊದಮೊದಲು ನೇರವಾಗಿ ಬಾಡಿಗೆ ಅಂಗಡಿಗೆ ಹೋಗಿ "ರಾಜಂದೊಂದು ಪೇಟ ಕೊಡ್ರಿ" ಅನ್ನುತ್ತಿದ್ದೆ. ಅವರು ಕೈಗಿಡುತ್ತಿದ್ದುದು ಮೈಸೂರು ಪೇಟ: ಬಿಳಿ ಬಟ್ಟೆ, ಜರಿ ಅಂಚು, ಸನ್ಮಾನ ಸಮಾರಂಭಗಳಲ್ಲಿ ಎಲ್ಲರೂ ಕಂಡದ್ದು. ಅದನ್ನೇ ಬಿಜ್ಜಳನಿಗೂ ಇಟ್ಟೆ, ಬಹಮನಿ ಸುಲ್ತಾನನಿಗೂ ಇಟ್ಟೆ. ಬಿಜ್ಜಳ ಕಲ್ಯಾಣದಲ್ಲಿ ಆಳಿದ್ದು 12ನೇ ಶತಮಾನದಲ್ಲಿ. ಒಡೆಯರ ಆಸ್ಥಾನದ ಆ ಪೇಟ ಎಷ್ಟೋ ಶತಮಾನ ಈಚಿನದು, ನಮ್ಮ ಸೀಮೆಯದೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಗಳನ್ನೂ ಊರೂರಿನ ವೀರಗಲ್ಲುಗಳನ್ನೂ ಕಣ್ಣಿಟ್ಟು ನೋಡಿದ ಮೇಲೆ ಗೊತ್ತಾಯಿತು: ಕಾದಾಡುವ ವೀರರ ತಲೆಯಲ್ಲಿ ಹೆಚ್ಚಾಗಿ ಇರುವುದು ಗಂಟು ಹಾಕಿದ ತುರುಬು. ಕರಿ ಉಣ್ಣೆಯ ಗಂಟು ಮಾಡಿ, ಹಣೆಗೊಂದು ಪಟ್ಟಿ ಕಟ್ಟಿದರೆ ಆ ಕಾಲದ ಸೈನಿಕ ಸಿದ್ಧ. ಅಲ್ಲಿಗೆ ಎಂಟು ಹತ್ತು ಪೇಟಗಳ ಬಾಡಿಗೆ ಉಳಿಯಿತು.

ಕಲಬುರಗಿ ಬಹಮನಿಯರ ರಾಜಧಾನಿಯಾದದ್ದು 1347ರಲ್ಲಿ. ಆ ಕಾಲದ ದರ್ಬಾರಿಗೆ ಮೊನೆಯುಳ್ಳ ಟೋಪಿಯ ಸುತ್ತ ಬಿಗಿಯಾಗಿ ಸುತ್ತಿದ ಬಟ್ಟೆ ಒಪ್ಪುತ್ತದೆ. ಗಾಂಧಿ ಟೋಪಿ ಜನರ ತಲೆ ಏರಿದ್ದು 1920ರ ಅಸಹಕಾರ ಚಳವಳಿಯ ಹೊತ್ತಿಗೆ; 1905ರ ಸ್ವದೇಶಿ ಚಳವಳಿಯ ದೃಶ್ಯದಲ್ಲಿ ಅದು ಬರಬಾರದು. ಈಗ ಪಾತ್ರದ ಹೆಸರಿನ ಮುಂದೆ ಇಸವಿ, ಊರು, ಕಸುಬು ಬರೆದುಕೊಳ್ಳದೆ ನಾನು ಪೇಟೆಗೆ ಹೊರಡುವುದಿಲ್ಲ.

2. ರೂಮಿ ಟೋಪಿ ಖಳನ ಗುರುತಲ್ಲ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ, ತಡವಾಗಿ ಕಲಿತದ್ದು. ಹೈದರಾಬಾದ್ ನಿಜಾಮರ ಪರವಾಗಿದ್ದ ರಜಾಕಾರರ ನಾಯಕ ಖಾಸಿಂ ರಜ್ವಿಯ ಫೋಟೋಗಳಲ್ಲಿ ಗಡ್ಡ ಮತ್ತು ಕುಚ್ಚಿನ ರೂಮಿ ಟೋಪಿ ಕಾಣುತ್ತವೆ. ಅದನ್ನು ನೋಡಿ ನಾನು ಎಲ್ಲ ರಜಾಕಾರರಿಗೂ ಕೆಂಪು ರೂಮಿ ಟೋಪಿ, ಹೋರಾಟಗಾರರಿಗೆಲ್ಲ ಬಿಳಿ ಗಾಂಧಿ ಟೋಪಿ ಎಂದು ಹಂಚಿಬಿಟ್ಟಿದ್ದೆ. ದೂರದಿಂದಲೂ ಯಾರು ಯಾರೆಂದು ತಿಳಿಯುತ್ತದೆ, ಮಕ್ಕಳಿಗೂ ಸುಲಭ ಎಂಬುದು ನನ್ನ ಲೆಕ್ಕ. ತಾಲೀಮಿನ ನಡುವೆ ಒಬ್ಬ ಹುಡುಗ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ್, ನಮ್ಮ ಮುತ್ಯಾನ ಅಪ್ಪಾರೂ ಇದೇ ಟೊಪಿಗಿ ಹಾಕ್ತಿದ್ರಂತ್ರಿ. ಅವ್ರು ಸಾಲಿ ಮಾಸ್ತರ ಇದ್ರು." ಮರುದಿನ ಮನೆಯಿಂದ ಫೋಟೋ ತಂದು ತೋರಿಸಿದ. ಸಾಲಾಗಿ ಕುರ್ಚಿ, ಕುತ್ತಿಗೆವರೆಗೆ ಗುಂಡಿ ಹಾಕಿದ ಶೇರ್ವಾನಿಗಳು, ಮೊದಲ ಸಾಲಿನ ಹೆಚ್ಚಿನವರ ತಲೆಯಲ್ಲಿ ರೂಮಿ ಟೋಪಿ. ಒಂದಿಬ್ಬರ ಹಣೆಯಲ್ಲಿ ವಿಭೂತಿಯೂ ಇತ್ತು.

ನಿಜಾಮರ ರಾಜ್ಯದಲ್ಲಿ ರೂಮಿ ಟೋಪಿ, ಶೇರ್ವಾನಿ ಎಂದರೆ ಓದಿದವರ, ನೌಕರಿಯವರ ಉಡುಪು. ಅಧಿಕಾರಿ, ವಕೀಲ, ಕಾಲೇಜು ವಿದ್ಯಾರ್ಥಿ, ಹಿಂದೂ, ಮುಸಲ್ಮಾನ ಎಲ್ಲರೂ ಹಾಕುತ್ತಿದ್ದರು. ತುರ್ಕಿ ದೇಶ 1925ರಲ್ಲಿ ಈ ಟೋಪಿಯನ್ನು ಕಾನೂನಿನಿಂದಲೇ ನಿಷೇಧಿಸಿದ ಮೇಲೂ ಹೈದರಾಬಾದಿನಲ್ಲಿ ಅದು ಉಳಿಯಿತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರೇ ಅದನ್ನು ಹಾಕಿದ ಫೋಟೋಗಳಿವೆ. ದರ್ಬಾರಿಗೆ ಹೋಗುವಾಗ ಮಾತ್ರ ದಸ್ತಾರ್ ಎಂಬ ಪೇಟ, ಬಗ್ಲೂಸ್ ಎಂಬ ನಡುಪಟ್ಟಿ ಕಡ್ಡಾಯ. ಇಷ್ಟು ತಿಳಿದ ಮೇಲೆ ನಾಟಕದ ಉಡುಪನ್ನೆಲ್ಲ ಬದಲಿಸಿದೆ. ಪೋಸ್ಟ್ ಮಾಸ್ತರನಿಗೂ ರೂಮಿ ಟೋಪಿ, ರಜಾಕಾರರ ವಿರುದ್ಧ ಮಾತಾಡುವ ವಕೀಲನಿಗೂ ಅದೇ. ರಜಾಕಾರರನ್ನು ಖಾಕಿ ಬಟ್ಟೆಯಿಂದ, ಕೈಯಲ್ಲಿನ ಆಯುಧದಿಂದ ಗುರುತಿಸುವಂತೆ ಮಾಡಿದೆ. ಭಾರತಕ್ಕೆ ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ರಜಾಕಾರರ ಕೈಯಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರ ದೃಶ್ಯವನ್ನೂ ಸೇರಿಸಿದೆ. ಆ ಪಾತ್ರ ಮಾಡಿದವನು ಫೋಟೋ ತಂದ ಹುಡುಗನೇ. ಒಂದು ಟೋಪಿಯಿಂದ ನಮ್ಮ ಊರಿನ ಮಕ್ಕಳಲ್ಲೇ ಇವರು ಅವರು ಎಂಬ ಭೇದ ಹುಟ್ಟುವುದಾದರೆ ಅಂಥ ಆಟ ಆಡದಿರುವುದೇ ಲೇಸು.

3. ಕಟ್ಟಿದ ಪೇಟ ಬೇಡ, ಬಟ್ಟೆ ಕೊಳ್ಳಿ

ಅಂಗಡಿಯ ಸಿದ್ಧ ಪೇಟಗಳ ಒಳಗಿರುವುದು ರಟ್ಟು, ಮೇಲೆ ಸ್ಯಾಟಿನ್, ನಡುವೆ ಅಂಟು. ನಮ್ಮ ಬಿಸಿಲಿಗೆ ತಲೆ ಬೆವತು ರಟ್ಟು ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ. ದೀಪದ ಬೆಳಕಿಗೆ ಸ್ಯಾಟಿನ್ ಮಿರಮಿರ ಮಿಂಚಿ ರೈತನೂ ಮದುಮಗನಂತೆ ಕಾಣುತ್ತಾನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ಅಂಗಡಿಗಳಲ್ಲಿ ಐದು ಮೀಟರ್ ತೆಳು ಹತ್ತಿಯ ಮಲ್ಮಲ್ ತಂದರೆ ಅದೇ ಬಟ್ಟೆ ಒಂದು ಆಟದಲ್ಲಿ ಗೌಡನ ರುಮಾಲು, ಇನ್ನೊಂದರಲ್ಲಿ ಸುಲ್ತಾನನ ಪೇಟ.

ಕಟ್ಟುವುದನ್ನು ನಾನು ಮೊದಲು ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಅದು ರಾಜಸ್ಥಾನದ ಸಾಫಾ ಎಂಬುದು ಗಮನಕ್ಕೇ ಬರಲಿಲ್ಲ. ಕಮಲಾಪುರದಲ್ಲಿ ತಾಲೀಮು ನೋಡಲು ಬಂದಿದ್ದ ಹಿರಿಯರೊಬ್ಬರು ಕರೆದು ಹೇಳಿದರು: "ತಮ್ಮಾ, ಇದು ನಮ್ಮ ಕಡೀದು ಅಲ್ಲ. ಮೊದ್ಲ ಮೊಳಕಾಲಿಗಿ ಕಟ್ಟಿ ಕಲಿ, ಆಮ್ಯಾಲ ತಲಿಗಿ ತಾನೇ ಬರ್ತದ." ಅಲ್ಲೇ ಕಟ್ಟೆಯ ಮೇಲೆ ಕೂತು ಬಲಗಾಲು ಮಡಚಿ ಮೊಳಕಾಲು ಎತ್ತಿದರು. ಬಟ್ಟೆಗೆ ಒಂದಿಷ್ಟು ನೀರು ಚಿಮುಕಿಸಿ, ಉದ್ದಕ್ಕೆ ಮಡಚಿ ನಾಲ್ಕು ಬೆರಳಗಲ ಮಾಡಿದರು. ತುದಿಯ ಒಂದು ಗೇಣನ್ನು ಹಿಂದಕ್ಕೆ ಇಳಿಬಿಟ್ಟು, ಅದನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು ಸುತ್ತತೊಡಗಿದರು. ಒಂದು ಸುತ್ತು ಹಣೆಯ ಎಡಕ್ಕೆ ಏರಿದರೆ ಮುಂದಿನದು ಬಲಕ್ಕೆ. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಿ ಅರ್ಧವನ್ನು ಬಿಡುತ್ತಿತ್ತು. ಬಟ್ಟೆ ಎಲ್ಲೂ ಜಗ್ಗಲಿಲ್ಲ, ಎಲ್ಲೂ ಸಡಿಲಾಗಲಿಲ್ಲ. ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ, ಹಿಂದಿನ ಚುಂಗನ್ನು ಸರಿ ಮಾಡಿ, ಮೊಳಕಾಲಿಂದ ಎತ್ತಿ ನನ್ನ ತಲೆಗೆ ಇಟ್ಟರು. ಸರಿಯಾಗಿ ಕೂತಿತು.

ನಮ್ಮ ಹಳ್ಳಿಗಳಲ್ಲಿ ದಿನವೂ ರುಮಾಲು ಕಟ್ಟುವ ಮುತ್ಯಾಗಳು ಕಡಿಮೆಯಾಗುತ್ತಿದ್ದಾರೆ. ಅವರಿಂದ ಕಲಿಯಲು ದುಡ್ಡು ಬೇಕಿಲ್ಲ, ಒಂದು ಸಂಜೆ ಅವರ ಜೊತೆ ಕೂತರೆ ಸಾಕು. ಒಪ್ಪಿದರೆ ಅವರ ಕೈಗಳ ವಿಡಿಯೋ ಮಾಡಿಟ್ಟುಕೊಳ್ಳಿ. ತಾಂಡಾಗಳ ಹಿರಿಯರು ಕಟ್ಟುವ ಬಗೆ ಬೇರೆ, ಗಡಿಯಾಚೆ ಸೊಲ್ಲಾಪುರದ ಕಡೆಯ ಫೇಟಾ ಬೇರೆ. ಯಾವುದನ್ನೂ ಇನ್ನೊಂದಕ್ಕೆ ಬದಲಿಯಾಗಿ ಇಡಬೇಡಿ.

4. ಉಣ್ಣೆ ಹೌದೋ ಅಲ್ಲವೋ, ಎಳೆ ಸುಟ್ಟು ನೋಡಿ

ರೂಮಿ ಟೋಪಿಯನ್ನು ಮಾತ್ರ ಬಟ್ಟೆ ಸುತ್ತಿ ಮಾಡಲಾಗದು. ಅಸಲಿಯದು ಒತ್ತಿದ ಉಣ್ಣೆಯದು, ಹಬೆ ಕೊಟ್ಟು ಅಚ್ಚಿನ ಮೇಲೆ ರೂಪಿಸಿದ್ದು. ಅಗ್ಗದ್ದರಲ್ಲಿ ರಟ್ಟಿಗೆ ಕೆಂಪು ವೆಲ್ವೆಟ್ ಅಂಟಿಸಿರುತ್ತಾರೆ. ಒಮ್ಮೆ ಯಾರಾದರೂ ಅದರ ಮೇಲೆ ಕೂತರೆ ಮುಗಿಯಿತು. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ ಒಳಗಿನಿಂದ ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯದು ತಗ್ಗುಬಿದ್ದರೆ ಕುದಿಯುವ ನೀರಿನ ಹಬೆಗೆ ಹಿಡಿದು, ಒಳಗೆ ಸರಿಯಳತೆಯ ಡಬ್ಬಿ ಇಟ್ಟು ಆರಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಇಂಥದ್ದು ಒಂದೋ ಎರಡೋ ಇದ್ದರೆ ವರ್ಷಗಟ್ಟಲೆ ಬಾಳಿಕೆ. ದಸ್ತಾರ್ ಬೇಕಿದ್ದವರು ಹೈದರಾಬಾದಿನ ಚಾರ್‌ಮಿನಾರ್ ಸುತ್ತಿನ ಮದುವೆ ಉಡುಪಿನ ಅಂಗಡಿಗಳಲ್ಲಿ ಕೇಳಬಹುದು; ಮದುವೆ ಹಂಗಾಮು ಮುಗಿದ ಮೇಲೆ ಹೋದರೆ ಚೌಕಾಸಿಗೆ ಬಗ್ಗುತ್ತಾರೆ.

5. ತಲೆಯ ಅಳತೆ ಟೇಪಿನಲ್ಲಿ, ಅಂದಾಜಿನಲ್ಲಲ್ಲ

ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿಯ ಮೇಲಿಂದ ಹಾಯಿಸಿ, ಹಿಂದಲೆಯ ಉಬ್ಬಿನ ಸುತ್ತ ಟೇಪು ಹಿಡಿಯಬೇಕು. ದೊಡ್ಡವರದು ಸಾಮಾನ್ಯವಾಗಿ 21ರಿಂದ 23 ಇಂಚಿನ ಆಸುಪಾಸು. ಅನುಮಾನವಿದ್ದರೆ ದೊಡ್ಡದನ್ನೇ ತನ್ನಿ. ಒಳಗೆ ಹತ್ತಿ ಬಟ್ಟೆಯ ಪಟ್ಟಿ ಹೊಲಿದು ಬಿಗಿ ಮಾಡಬಹುದು, ಆ ಪಟ್ಟಿ ಬೆವರನ್ನೂ ಹೀರುತ್ತದೆ. ಚಿಕ್ಕದನ್ನು ದೊಡ್ಡದು ಮಾಡುವ ದಾರಿ ನನಗಿನ್ನೂ ಸಿಕ್ಕಿಲ್ಲ.

6. ಉಡಿ ತುಂಬಿದ ಖಣ ಅರಸನ ಕುಲ್ಲಾಯಿ ಆದೀತು

ಕೃಷ್ಣದೇವರಾಯ ಎಂದಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಸಿನಿಮಾದ ಹೊಳೆಯುವ ಕಿರೀಟ. ನಾನೂ ಅದನ್ನೇ ದುಬಾರಿ ಬಾಡಿಗೆಗೆ ತರುತ್ತಿದ್ದೆ. ತಿರುಮಲೆಯ ದೇವಸ್ಥಾನದಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆ ನೋಡಿ: ತಲೆಯಲ್ಲಿರುವುದು ಎತ್ತರದ ಕುಲ್ಲಾಯಿ ಟೋಪಿ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲೂ ಗಂಡಸರ ತಲೆಯಲ್ಲಿ ಅದೇ ಬಗೆಯದು. ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕೂಡ ಜರತಾರಿ ಬಟ್ಟೆಯ ಟೋಪಿಯ ಮಾತನ್ನೇ ಬರೆದಿದ್ದಾನೆ. ಅರಸ ಬರಿಗಾಲಲ್ಲಿದ್ದ ಎಂದೂ ಬರೆದಿದ್ದಾನೆ, ಹಾಗಾಗಿ ಮೋಜಡಿಯ ಖರ್ಚೂ ಇಲ್ಲ.

ಈ ಟೋಪಿ ಮನೆಯಲ್ಲೇ ಆಗುತ್ತದೆ. ನಮ್ಮ ಕಡೆ ಉಡಿ ತುಂಬುವಾಗ ಕೊಟ್ಟ ಗುಳೇದಗುಡ್ಡದ ಖಣಗಳು ಪ್ರತಿ ಮನೆಯ ಟ್ರಂಕಿನಲ್ಲೂ ಇರುತ್ತವೆ. ದಪ್ಪ ಕೋರಾ ಬಟ್ಟೆಯನ್ನು ಮೈದಾ ಅಂಟಿನಲ್ಲಿ ಎರಡು ಪದರ ಮಾಡಿ, ಒಣಗಿದ ಮೇಲೆ ಮೇಲಕ್ಕೆ ಕಿರಿದಾಗುವ ಹಾಗೆ ಸುತ್ತಿ ಹೊಲಿದು, ಹೊರಗೆ ಖಣ ಹಚ್ಚಿದೆವು. ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವವರಿದ್ದಾರೆ. ಮಕ್ಕಳ ತಲೆಗೆ ಹೋಗುವ ವಸ್ತುವಿಗೆ ಅದು ಖಂಡಿತ ಬೇಡ, ಬೇವಿನ ಸೊಪ್ಪಿನ ಜೊತೆ ಇಟ್ಟರೆ ಸಾಕು. ಖಣದ ಚಿಕ್ಕ ಚಿಕ್ಕ ಬುಟ್ಟಾಗಳು ಮೂರನೇ ಸಾಲಿನಿಂದಾಚೆಗೆ ಜರತಾರಿಯಂತೆಯೇ ಕಾಣುತ್ತವೆ.

7. ದುಡ್ಡೆಲ್ಲ ಎರಡು ತಲೆಗೆ

ಇದ್ದ ಹಣವನ್ನು ಹದಿನೈದು ಪಾತ್ರಗಳಿಗೆ ಸಮನಾಗಿ ಹಂಚಿ ಹದಿನೈದು ಕೆಟ್ಟ ಟೋಪಿ ತಂದ ವರ್ಷವೂ ಉಂಟು. ಹತ್ತಿರದಿಂದ ಕಾಣುವವರು, ಹೆಚ್ಚು ಹೊತ್ತು ರಂಗದ ಮೇಲಿರುವವರು ಇಬ್ಬರೋ ಮೂವರೋ. ಅರ್ಧಕ್ಕಿಂತ ಹೆಚ್ಚು ಹಣ ಅವರಿಗೆ. ಹಿಂದೆ ನಿಲ್ಲುವ ಗುಂಪಿಗೆ ಹಳೆಯ ಧೋತರ ಹರಿದು ಮಾಡಿದ ರುಮಾಲು ಚೆನ್ನಾಗಿಯೇ ಒಪ್ಪುತ್ತದೆ. ಹೊಚ್ಚ ಹೊಸ ಬಿಳಿ ಬಟ್ಟೆಯನ್ನು ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ ತೆಗೆಯಿರಿ, ಹೊಲದ ಧೂಳು ಕಂಡ ಬಣ್ಣ ಬರುತ್ತದೆ. ಯಾರಾದರೂ ಮನೆಯ ಹಿರಿಯರ ರುಮಾಲನ್ನೇ ಎರವಲು ಕೊಟ್ಟರೆ ಅದಕ್ಕೆ ಬಣ್ಣ, ಪಿನ್ನು ಏನನ್ನೂ ತಾಗಿಸದೆ, ಒಗೆದು ಮಡಚಿ ಮರಳಿ ಮುಟ್ಟಿಸಬೇಕು. ಗುಡಿ, ಮಠ, ದರ್ಗಾಗಳಿಗೆ ಸಂಬಂಧಿಸಿದ ಪೇಟವಾದರೆ ಆಡುವ ಮುಂಚೆ ಅಲ್ಲಿನ ಹಿರಿಯರನ್ನು ಕೇಳಿ; ನಮಗೆ ಯಾರೂ ಇಲ್ಲವೆಂದಿಲ್ಲ, ಹೆಚ್ಚಿನ ಸಲ ತಾವೇ ತಿದ್ದಿ ಕೊಟ್ಟಿದ್ದಾರೆ.

8. ಬೆವರು ಆರದೆ ಟ್ರಂಕಿಗೆ ಹಾಕಬೇಡಿ

ಆಟ ಮುಗಿದ ರಾತ್ರಿ ಎಲ್ಲರಿಗೂ ದಣಿವು. ಎಲ್ಲವನ್ನೂ ಒಟ್ಟಿಗೆ ತುರುಕಿ ಬೀಗ ಹಾಕಿಬಿಡುತ್ತೇವೆ. ಹಾಗೆ ಮಾಡಿ ಒಂದು ಒಳ್ಳೆಯ ಉಣ್ಣೆ ಟೋಪಿಯನ್ನು ನುಸಿಗೆ ಕೊಟ್ಟೆ. ಈಗ ಮರುದಿನ ನೆರಳಲ್ಲಿ ಗಾಳಿಗೆ ಹರಡಿ, ರುಮಾಲುಗಳನ್ನು ಬಿಚ್ಚಿ ಒಗೆದು, ಟೋಪಿಯ ಒಳಗೆ ಹಳೆ ಪೇಪರ್ ತುಂಬಿ, ಒಂದರ ಮೇಲೊಂದು ಹೇರದೆ ಇಡುತ್ತೇನೆ. ಕಮಲಾಪುರದ ಟ್ರಂಕು ಬೇರೆ ಶಾಲೆಗಳಿಗೂ ಹೋಗುತ್ತದೆ, ಬಾಡಿಗೆ ಇಲ್ಲ. ಸೆಪ್ಟೆಂಬರಿಗೆ ಬೇಕಿದ್ದವರು ಆಗಸ್ಟ್ ಮೊದಲ ವಾರದಲ್ಲೇ ಹೇಳಿ, ಕಟ್ಟಲು ಕಲಿಯುವ ಇಬ್ಬರು ಮಕ್ಕಳನ್ನೂ ಜೊತೆಗೆ ಕಳಿಸಿ.