ಚಿತ್ರಶಾಲೆಯಲ್ಲಿ ಸಹೃದಯ: ಕಲಾನುಭವ ಮತ್ತು ಕಲಾಶಿಕ್ಷಣದ ಸಂಬಂಧ

ಕಲಾ ವಸ್ತುಸಂಗ್ರಹಾಲಯವು ಆಧುನಿಕ ಯುಗದ ಸಂಸ್ಥೆ. ಪೂಜೆಗೆಂದು ಕಡೆದ ವಿಗ್ರಹ, ಅರಮನೆಯ ಗೋಡೆಗೆಂದು ಬರೆಸಿದ ಚಿತ್ರ, ನೀರು ತುಂಬಲೆಂದು ಮಾಡಿದ ಕಲಶ ಇವೆಲ್ಲವೂ ಅಲ್ಲಿ ತಮ್ಮ ಮೂಲ ಪ್ರಯೋಜನವನ್ನು ಕಳಚಿಕೊಂಡು ‘ನೋಡುವ ವಸ್ತು’ಗಳಾಗಿ ನಿಲ್ಲುತ್ತವೆ. ಹಾಗೆ ನಿಂತ ವಸ್ತುವಿನ ಮುಂದೆ ಪ್ರೇಕ್ಷಕನು ಏನು ಮಾಡಬೇಕು? ಸುಮ್ಮನೆ ನೋಡಿ ಆನಂದಿಸಬೇಕೆ, ಅಥವಾ ಅದರ ಕಾಲ, ದೇಶ, ಮತ, ತಂತ್ರಗಳನ್ನು ಕಲಿಯಬೇಕೆ? ಕಲಿಕೆಯು ಆನಂದಕ್ಕೆ ಸೋಪಾನವೋ ಅಡ್ಡಗೋಡೆಯೋ? ಪಶ್ಚಿಮದ ವಸ್ತುಸಂಗ್ರಹಾಲಯಗಳಲ್ಲಿ ಈ ಪ್ರಶ್ನೆ ಒಂದು ಶತಮಾನಕ್ಕೂ ಮಿಕ್ಕು ಚರ್ಚೆಗೊಳಗಾಗಿದೆ. ಭಾರತೀಯ ಕಾವ್ಯಮೀಮಾಂಸೆಯ ಓದುಗರಿಗೆ ಇದು ಬೇರೊಂದು ಹೆಸರಿನಲ್ಲಿ ಪರಿಚಿತವಾದದ್ದೇ ಆಗಿದೆ. ಈ ಎರಡು ಚರ್ಚೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಸ್ತುಸಂಗ್ರಹಾಲಯವು ಜನಶಿಕ್ಷಣದ ಸಾಧನವೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು ೧೮೫೭ರಲ್ಲಿ ತೆರೆದಾಗ, ಹಗಲೆಲ್ಲ ದುಡಿದ ಕಾರ್ಮಿಕರೂ ಸಂಜೆ ಬಂದು ನೋಡಲಿ ಎಂದು ಅಲ್ಲಿ ಗ್ಯಾಸ್ ದೀಪಗಳನ್ನು ಅಳವಡಿಸಲಾಗಿತ್ತು. ಒಳ್ಳೆಯ ವಿನ್ಯಾಸವನ್ನು ನೋಡಿದ ಕುಶಲಕರ್ಮಿ ಒಳ್ಳೆಯ ಸರಕನ್ನು ತಯಾರಿಸುತ್ತಾನೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಇಲ್ಲಿ ಸೌಂದರ್ಯವು ಉದ್ಯಮದ ಪರಿಚಾರಿಕೆ.

ಇದಕ್ಕೆ ಪ್ರಬಲವಾದ ಪ್ರತಿವಾದ ಹುಟ್ಟಿದ್ದು ಅಮೆರಿಕದ ಬೋಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ. ೧೮೭೦ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯ ಮೊದಲ ದಶಕಗಳಲ್ಲಿ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಸುಣ್ಣಗಾರೆಯ ಅಚ್ಚುಗಳೇ ದೊಡ್ಡ ಆಕರ್ಷಣೆಯಾಗಿದ್ದವು. ಪಾಠ ಹೇಳುವುದಕ್ಕೆ ಅಚ್ಚು ಸಾಕು, ಅನುಭವಕ್ಕೆ ಮೂಲಕೃತಿಯೇ ಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಚ್ಚುಗಳ ಸ್ಥಾನದ ಬಗೆಗೆ ಅಲ್ಲಿ ನಡೆದ ತೀವ್ರ ವಾಗ್ವಾದದ ತಿರುಳು ಇದೇ. ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಮೂಲಕೃತಿಗಳ ಪಕ್ಷದವನು. ವಿಜ್ಞಾನದ ಸಂಗ್ರಹಾಲಯದಲ್ಲಿ ವಸ್ತುವು ಒಂದು ನಿಯಮಕ್ಕೆ ಉದಾಹರಣೆ ಮಾತ್ರ. ಕಲೆಯ ಸಂಗ್ರಹಾಲಯದಲ್ಲಿ ವಸ್ತುವೇ ಗುರಿ. ಆದ್ದರಿಂದ ಕಲಾಸಂಗ್ರಹಾಲಯವು ಮೂಲತಃ ಶಾಲೆಯಲ್ಲ ಎಂಬುದು ೧೯೧೮ರಲ್ಲಿ ಪ್ರಕಟವಾದ ಆತನ ಗ್ರಂಥದ ನಿಲುವು. ಆದರೆ ಇದೇ ಗಿಲ್ಮನ್ನನ ಪ್ರೇರಣೆಯಿಂದ ೧೯೦೭ರಲ್ಲಿ ಅಲ್ಲಿ ಪ್ರೇಕ್ಷಕರ ಜೊತೆ ನಿಂತು ಕೃತಿಯನ್ನು ಪರಿಚಯಿಸುವ ‘ಡೋಸೆಂಟ್’ ಎಂಬ ಹುದ್ದೆ ರೂಪುಗೊಂಡಿತು. ಲ್ಯಾಟಿನ್ ಭಾಷೆಯಲ್ಲಿ ‘ಬೋಧಿಸು’ ಎಂಬ ಅರ್ಥದ ಧಾತುವಿನಿಂದ ಬಂದ ಪದವಿದು. ಮೇಲುನೋಟಕ್ಕೆ ಇದು ವಿರೋಧಾಭಾಸ. ಗಿಲ್ಮನ್ನನ ದೃಷ್ಟಿಯಲ್ಲಿ ಮಾತ್ರ ಡೋಸೆಂಟನು ಉಪನ್ಯಾಸಕನಲ್ಲ, ಮೊದಲೇ ನೋಡಿ ಮೆಚ್ಚಿದ ಸಹಚರ. ಕೃತಿಯಿಂದ ದೂರ ಒಯ್ಯುವ ಮಾತು ಬೇರೆ, ಕೃತಿಯತ್ತ ತಿರುಗಿಸುವ ಮಾತು ಬೇರೆ ಎಂಬ ಈ ವಿವೇಕವನ್ನು ಮುಂದಿನವರು ಅನೇಕ ವೇಳೆ ಮರೆತರು.

ಗಿಲ್ಮನ್ನನ ಇನ್ನೊಂದು ಕೆಲಸವೂ ಉಲ್ಲೇಖಾರ್ಹ. ೧೯೧೬ರಲ್ಲಿ ಆತ ‘ವಸ್ತುಸಂಗ್ರಹಾಲಯದ ಆಯಾಸ’ವನ್ನು ಕುರಿತು ಒಂದು ಲೇಖನ ಪ್ರಕಟಿಸಿದ. ಗಾಜಿನ ಪೆಟ್ಟಿಗೆಗಳಲ್ಲಿಟ್ಟ ವಸ್ತುಗಳ ಬಗ್ಗೆ ಕೆಲವು ಸರಳ ಪ್ರಶ್ನೆಗಳನ್ನು ಕೊಟ್ಟು, ಅವುಗಳಿಗೆ ಉತ್ತರ ಹುಡುಕುವ ಪ್ರೇಕ್ಷಕನೊಬ್ಬನ ಭಂಗಿಗಳನ್ನು ಛಾಯಾಚಿತ್ರಗಳಲ್ಲಿ ಹಿಡಿಸಿದ. ಬಗ್ಗಿ, ಕುಕ್ಕರಿಸಿ, ಕತ್ತು ಚಾಚಿ ನೋಡುವ ಆ ಮನುಷ್ಯನ ಚಿತ್ರಗಳು ಸೌಂದರ್ಯಶಾಸ್ತ್ರದ ಗ್ರಂಥಗಳು ಹೇಳದ ಒಂದು ಸಂಗತಿಯನ್ನು ಹೇಳುತ್ತವೆ: ಕಲಾನುಭವಕ್ಕೆ ಸೊಂಟನೋವೂ ಒಂದು ವಿಘ್ನ.

ಬೋಸ್ಟನ್ನಿನ ಈ ಉದಾತ್ತ ನಿಲುವಿಗೆ ನೂಅರ್ಕ್ ನಗರದ ಜಾನ್ ಕಾಟನ್ ಡೇನ ಪರಿಪೂರ್ಣ ವಿರೋಧಿ. ಗ್ರಂಥಪಾಲಕನಾಗಿದ್ದ ಆತ ೧೯೦೯ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯವನ್ನು ಕಟ್ಟಿದ. ಉದ್ಯಾನದ ನಡುವೆ ದೇವಾಲಯದಂತೆ ನಿಲ್ಲುವ, ಶ್ರೀಮಂತರ ದುಬಾರಿ ವಸ್ತುಗಳನ್ನು ತುಂಬಿಕೊಂಡ ಸಂಗ್ರಹಾಲಯಗಳನ್ನು ಆತ ಕಟುವಾಗಿ ಟೀಕಿಸಿದ. ೧೯೨೦ರ ದಶಕದ ಕೊನೆಯಲ್ಲಿ, ಅಗ್ಗದ ಅಂಗಡಿಗಳಲ್ಲಿ ಕೆಲವೇ ಸೆಂಟುಗಳಿಗೆ ಕೊಂಡ ದಿನಬಳಕೆಯ ಸಾಮಾನುಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಡಲಾಯಿತು. ಸೌಂದರ್ಯಕ್ಕೂ ಬೆಲೆಗೂ ಸಂಬಂಧವಿಲ್ಲವೆಂಬುದನ್ನು ವಾದದಿಂದಲ್ಲ, ತಟ್ಟೆ-ಲೋಟಗಳಿಂದಲೇ ತೋರಿಸಿದ ರೀತಿಯಿದು.

ಈ ಚರ್ಚೆಯೊಳಗೆ ಭಾರತೀಯ ಧ್ವನಿಯೊಂದು ಪ್ರವೇಶಿಸಿದುದು ಆನಂದ ಕುಮಾರಸ್ವಾಮಿಯವರ ಮೂಲಕ. ಕೊಲಂಬೊದಲ್ಲಿ ೧೮೭೭ರಲ್ಲಿ ಜನಿಸಿದ ಅವರು ೧೯೧೭ರಲ್ಲಿ ಬೋಸ್ಟನ್ ವಸ್ತುಸಂಗ್ರಹಾಲಯದ ಭಾರತೀಯ ಕಲಾವಿಭಾಗದ ಪಾಲಕರಾಗಿ ಸೇರಿ, ೧೯೪೭ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಅಂದರೆ ಗಿಲ್ಮನ್ನನೂ ಕುಮಾರಸ್ವಾಮಿಯವರೂ ಕೆಲವು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದವರು. ಆದರೂ ಇಬ್ಬರ ನಿಲುವುಗಳಿಗೆ ಅಜಗಜಾಂತರ. ಕಲಾಕೃತಿಗಳನ್ನು ಪ್ರದರ್ಶಿಸುವುದಾದರೂ ಏಕೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡು ೧೯೪೧ರಲ್ಲಿ ಸಂಗ್ರಹಾಲಯಗಳ ಪ್ರತಿನಿಧಿಗಳ ಮುಂದೆ ಅವರು ಮಾಡಿದ ಭಾಷಣ ಇಂದಿಗೂ ಇರುಸುಮುರುಸು ಉಂಟುಮಾಡುವಂಥದು. ಅವರ ಪ್ರಕಾರ ಪ್ರಾಚೀನ ಕೃತಿಗಳಾವುವೂ ಸಂಗ್ರಹಾಲಯಕ್ಕೆಂದು ಹುಟ್ಟಿದವಲ್ಲ; ನಾಶದ ಭಯವಿರುವುದರಿಂದಷ್ಟೇ ಅವನ್ನು ಅಲ್ಲಿ ಇರಿಸಿಕೊಳ್ಳಬೇಕಾಗಿದೆ. ಆದ್ದರಿಂದ ಜೀವಂತ ಕಲಾವಿದರ ಕೃತಿಗಳನ್ನು ತಂದಿಡುವುದು ಸಂಗ್ರಹಾಲಯದ ಕೆಲಸವೇ ಅಲ್ಲ. ‘ಈಸ್ತೆಟಿಕ್’ ಎಂಬ ಪದದ ಮೂಲಾರ್ಥ ಇಂದ್ರಿಯಸಂವೇದನೆ. ಕಲೆಯನ್ನು ಸಂವೇದನೆಗೆ ಇಳಿಸಿದರೆ ಅದರ ಅರ್ಥವನ್ನೇ ಕಿತ್ತುಹಾಕಿದಂತೆ. ಕೃತಿ ಯಾತಕ್ಕಾಗಿ, ಯಾವ ನಂಬಿಕೆಯಿಂದ ಮಾಡಲ್ಪಟ್ಟಿತು ಎಂಬುದನ್ನು ತಿಳಿಯದವನಿಗೆ ಅದರ ಚೆಲುವೂ ಕಾಣದು. ಹಾಗಾಗಿ ಸಂಗ್ರಹಾಲಯದ ಪ್ರದರ್ಶನವು ರಂಜನೆಯಲ್ಲ, ಶಿಕ್ಷಣವೇ.

ಈ ವಾದದ ನೈತಿಕ ಬಲ ದೊಡ್ಡದು. ನಟರಾಜನನ್ನು ‘ಸುಂದರ ಕಂಚು’ ಎಂದು ಮಾತ್ರ ನೋಡುವ ನೋಟದಲ್ಲಿರುವ ಬಡತನವನ್ನು ಕುಮಾರಸ್ವಾಮಿಯವರಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ತತ್ತ್ವವನ್ನು ಅರಿಯದೆಯೇ ಕೃತಿಯ ಮುಂದೆ ಕಾಲು ಕಟ್ಟಿದಂತೆ ನಿಂತುಬಿಡುವ ಪ್ರೇಕ್ಷಕನಿಗೆ ಅವರ ಯೋಜನೆಯಲ್ಲಿ ಸ್ಥಾನವಿಲ್ಲ. ಹಾಗೆ ನಿಲ್ಲದವನು ಮುಂದೆ ತತ್ತ್ವವನ್ನು ಹುಡುಕಿಕೊಂಡು ಹೋಗುವುದು ಅಪರೂಪ ಎಂಬುದನ್ನೂ ಅವರು ಗಣಿಸಿದಂತೆ ಕಾಣುವುದಿಲ್ಲ.

ಜಾನ್ ಡ್ಯೂಯಿಯ ಚಿಂತನೆ ಈ ತೊಡಕಿಗೆ ಒಂದು ದಾರಿ ತೋರಿಸುತ್ತದೆ. ೧೯೩೪ರಲ್ಲಿ ಪ್ರಕಟವಾದ ‘ಆರ್ಟ್ ಆಸ್ ಎಕ್ಸ್‌ಪೀರಿಯನ್ಸ್’ ಗ್ರಂಥದಲ್ಲಿ ಆತನೂ ಕಲೆಯನ್ನು ಬದುಕಿನಿಂದ ಬೇರ್ಪಡಿಸಿದ ಆಪಾದನೆಯನ್ನು ಸಂಗ್ರಹಾಲಯದ ಮೇಲೆ ಹೊರಿಸುತ್ತಾನೆ. ಆದರೆ ಪರಿಹಾರವನ್ನು ಸಿದ್ಧಾಂತಜ್ಞಾನದಲ್ಲಿ ಅಲ್ಲ, ನೋಡುವ ಕ್ರಿಯೆಯಲ್ಲಿಯೇ ಅರಸುತ್ತಾನೆ. ಗುರುತಿಸುವುದು ಬೇರೆ, ಗ್ರಹಿಸುವುದು ಬೇರೆ ಎಂಬುದು ಆತನ ಮುಖ್ಯ ಭೇದ. ‘ಇದು ಹೊಯ್ಸಳ ಶೈಲಿ’ ಎಂದು ಹೆಸರಿಟ್ಟೊಡನೆ ನೋಟ ನಿಂತುಹೋದರೆ ಅದು ಗುರುತು. ಆ ಹೆಸರಿನ ಆಚೆಗೂ ಕಣ್ಣು ಕೆಲಸ ಮಾಡುತ್ತ ಹೋದರೆ ಅದು ಗ್ರಹಿಕೆ. ಡ್ಯೂಯಿ ಈ ಗ್ರಂಥವನ್ನು ಅರ್ಪಿಸಿದ್ದು ಆಲ್ಬರ್ಟ್ ಬಾರ್ನ್ಸ್‌ಗೆ. ೧೯೨೨ರಲ್ಲಿ ಬಾರ್ನ್ಸ್ ಸ್ಥಾಪಿಸಿದ ಪ್ರತಿಷ್ಠಾನದ ಗೋಡೆಗಳ ಮೇಲೆ ಸೆಝಾನ್, ರನ್ವಾರರ ಚಿತ್ರಗಳ ನಡುವೆ ಕಬ್ಬಿಣದ ತಿರುಗಣೆ, ಬೀಗದ ತಗಡುಗಳೂ ತೂಗುತ್ತವೆ, ವಿವರಣೆಯ ಫಲಕಗಳಿಲ್ಲ. ೨೦೧೨ರಲ್ಲಿ ಸಂಗ್ರಹವು ಫಿಲಡೆಲ್ಫಿಯ ನಗರದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಾಗಲೂ ಆ ಜೋಡಣೆಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು.

ಈಗ ರಸಮೀಮಾಂಸೆಯ ಕಡೆಗೆ ಬರಬಹುದು. ರಸತತ್ತ್ವ ನಾಟ್ಯ ಮತ್ತು ಕಾವ್ಯಗಳ ಸಂದರ್ಭದಲ್ಲಿ ಬೆಳೆದದ್ದು. ಅದನ್ನು ಚಿತ್ರಶಾಲೆಗೆ ಯಥಾವತ್ತಾಗಿ ಅನ್ವಯಿಸುವುದು ಅವಸರವಾದೀತು. ಆದರೂ ಅನುಭವ ಮತ್ತು ಶಿಕ್ಷಣಗಳನ್ನು ಎದುರಾಳಿಗಳೆಂದು ಅದು ಎಲ್ಲಿಯೂ ಭಾವಿಸಲಿಲ್ಲ ಎಂಬುದು ಗಮನಾರ್ಹ. ಅಭಿನವಗುಪ್ತನ ‘ಲೋಚನ’ದಲ್ಲಿ ಸಹೃದಯನೆಂದರೆ ಕಾವ್ಯದ ನಿರಂತರ ಅನುಶೀಲನದಿಂದ ಮನಸ್ಸೆಂಬ ಕನ್ನಡಿಯನ್ನು ನಿರ್ಮಲಗೊಳಿಸಿಕೊಂಡು, ವರ್ಣ್ಯ ವಸ್ತುವಿನಲ್ಲಿ ತನ್ಮಯನಾಗಬಲ್ಲವನು. ಇಲ್ಲಿ ಅಭ್ಯಾಸದ ಫಲ ಮಾಹಿತಿಯ ಸಂಚಯವಲ್ಲ, ಶುದ್ಧಿ. ಕಲಿತದ್ದು ಅನುಭವದ ಗಳಿಗೆಯಲ್ಲಿ ಎದುರು ನಿಲ್ಲುವುದಿಲ್ಲ. ಕನ್ನಡಿಯ ಹೊಳಪಾಗಿ ಹಿಂದೆ ಸರಿಯುತ್ತದೆ.

‘ಅಭಿನವಭಾರತಿ’ಯಲ್ಲಿ ಅವನು ಹೇಳುವ ಏಳು ರಸವಿಘ್ನಗಳು ಸಂಗ್ರಹಾಲಯದ ದೃಷ್ಟಿಯಿಂದ ಇನ್ನೂ ಉಪಯುಕ್ತ. ಅವುಗಳಲ್ಲಿ ಎರಡನ್ನು ಮಾತ್ರ ನೋಡಿದರೆ ಸಾಕು. ಒಂದು, ಪ್ರತೀತಿಗೆ ಬೇಕಾದ ಉಪಾಯಗಳ ಕೊರತೆ: ಮಂಕು ದೀಪ, ಗಾಜಿನ ಮೇಲಣ ಪ್ರತಿಫಲನ, ಓದಲಾರದ ಫಲಕ ಇವೆಲ್ಲ ಇದರೊಳಗೆ ಸೇರುತ್ತವೆ. ಇನ್ನೊಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಇದರ ಪರಿಹಾರಕ್ಕೆ ಅಭಿನವಗುಪ್ತನು ಉಪದೇಶವನ್ನು ಸೂಚಿಸುವುದಿಲ್ಲ. ಗೀತ, ವಾದ್ಯ, ಅಲಂಕೃತ ಮಂಟಪ ಮೊದಲಾದವುಗಳನ್ನು ಸೂಚಿಸುತ್ತಾನೆ. ಇವುಗಳಿಂದ ಅಹೃದಯನೂ ಹೃದಯದ ನೈರ್ಮಲ್ಯವನ್ನು ಪಡೆದು ಸಹೃದಯನಾಗುತ್ತಾನೆಂಬುದು ಅವನ ಮಾತಿನ ಅಭಿಪ್ರಾಯ. ಸಹೃದಯತೆ ಕೆಲವರಿಗೆ ಮಾತ್ರ ದತ್ತವಾದ ಭಾಗ್ಯವೆಂಬ ಪ್ರಚಲಿತ ತಿಳಿವಳಿಕೆಯನ್ನು ಈ ಮಾತು ಸಡಿಲಿಸುತ್ತದೆ. ಗಿಲ್ಮನ್ನನ ಸೊಂಟನೋವಿಗೂ ಇಲ್ಲಿ ಶಾಸ್ತ್ರಸಮ್ಮತ ಸ್ಥಾನವುಂಟು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ಕಲಾನುಭವವನ್ನು ಮುಕ್ತಿಯ ಅನುಭವಕ್ಕೆ ಹೋಲಿಸಿ, ಆದರೆ ಅದು ಹೊರಗಿನ ಪ್ರೇರಣೆಯಿಂದ ಬಂದು ಬೇಗ ಮರೆಯಾಗುವಂಥದೆಂದು ವಿವೇಚಿಸಿದರು. ಅವರ ನಿಧನಾನಂತರ ೧೯೫೪ರಲ್ಲಿ ಈ ಲೇಖನಗಳು ‘ಆರ್ಟ್ ಎಕ್ಸ್‌ಪೀರಿಯನ್ಸ್’ ಎಂಬ ಸಂಪುಟವಾಗಿ ಬಂದವು. ಅನುಭವ ಕ್ಷಣಿಕವೆಂದಾದರೆ ಅದು ಮುಗಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ ಏಳುತ್ತದೆ. ಶಿಕ್ಷಣದ ಕ್ಷೇತ್ರ ಆರಂಭವಾಗುವುದು ಅಲ್ಲಿಂದ.

ಚಿತ್ರಕಲೆಗೆ ನೇರವಾಗಿ ಸಂಬಂಧಿಸಿದ ಪ್ರಾಚೀನ ಆಧಾರವೆಂದರೆ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ. ಪ್ರತಿಮೆ ಮಾಡುವ ಬಗೆಯನ್ನು ಕೇಳಿದ ವಜ್ರರಾಜನಿಗೆ ಮಾರ್ಕಂಡೇಯನು, ಚಿತ್ರ ತಿಳಿಯದೆ ಪ್ರತಿಮೆ ತಿಳಿಯದು, ನೃತ್ಯ ತಿಳಿಯದೆ ಚಿತ್ರ ತಿಳಿಯದು ಎಂದು ಆರಂಭಿಸಿ ವಾದ್ಯ, ಗೀತಗಳವರೆಗೆ ಒಯ್ಯುತ್ತಾನೆ. ಆಚಾರ್ಯರು ರೇಖೆಯನ್ನು, ವಿಚಕ್ಷಣರು ನೆಳಲು-ಬೆಳಕನ್ನು, ಸ್ತ್ರೀಯರು ಆಭರಣವನ್ನು, ಉಳಿದವರು ವರ್ಣಸಮೃದ್ಧಿಯನ್ನು ಮೆಚ್ಚುತ್ತಾರೆಂಬ ಮಾತೂ ಅಲ್ಲಿ ಬರುತ್ತದೆ. ಸ್ತ್ರೀಯರ ಅಭಿರುಚಿಯನ್ನು ಆಭರಣಕ್ಕೆ ಕಟ್ಟಿಹಾಕಿದ್ದು ಆ ಕಾಲದ ಪೂರ್ವಗ್ರಹ. ಆದರೆ ಎಲ್ಲರಿಗೂ ಮೆಚ್ಚುಗೆಯಾಗುವಂತೆ ಚಿತ್ರವನ್ನು ಬರೆಯಬೇಕೆಂದು ಆ ಗ್ರಂಥವು ಕಲಾವಿದನಿಗೆ ಹೇಳುತ್ತದೆಯೇ ಹೊರತು ಕೆಳಗಿನವರನ್ನು ಹೊರಗಟ್ಟುವುದಿಲ್ಲ. ಕರ್ನಾಟಕದ ಹಿರಿಯ ಕಲಾವಿದ ಕೆ. ವೆಂಕಟಪ್ಪನವರು ವೀಣಾವಾದಕರೂ ಆಗಿದ್ದುದನ್ನು ಮಾರ್ಕಂಡೇಯನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಸಿದ್ಧಾಂತಗಳ ಮಾತು ಹೀಗಿರಲಿ. ಪ್ರೇಕ್ಷಕರು ವಾಸ್ತವವಾಗಿ ಏನು ಮಾಡುತ್ತಾರೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಆರು ಪ್ರಸಿದ್ಧ ಚಿತ್ರಗಳ ಮುಂದೆ ೧೫೦ ಪ್ರೇಕ್ಷಕರನ್ನು ಗಮನಿಸಿದ, ೨೦೦೧ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಚಿತ್ರಕ್ಕೆ ಸಂದ ಸರಾಸರಿ ಕಾಲ ಸುಮಾರು ೨೭ ಸೆಕೆಂಡು. ಅರ್ಧದಷ್ಟು ಮಂದಿಯ ನೋಟ ೧೭ ಸೆಕೆಂಡಿನೊಳಗೆ ಮುಗಿದಿತ್ತು. ಇಷ್ಟು ಅಲ್ಪ ಕಾಲದಲ್ಲಿ ಆನಂದವೂ ಇಲ್ಲ, ಅರಿವೂ ಇಲ್ಲ. ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸನ್ ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನವೈನ್ ರೂಪಿಸಿದ ಪದ್ಧತಿ ಈ ಅಲ್ಪತನಕ್ಕೆ ಉತ್ತರ ಕೊಡಲು ಯತ್ನಿಸುತ್ತದೆ. ಅದರಲ್ಲಿ ಶಿಕ್ಷಕನು ಮಾಹಿತಿ ಕೊಡುವುದಿಲ್ಲ. ಚಿತ್ರದಲ್ಲಿ ಏನು ನಡೆಯುತ್ತಿದೆ, ಹಾಗೆನ್ನಲು ಕಣ್ಣಿಗೆ ಕಂಡ ಆಧಾರವೇನು, ಇನ್ನೇನು ಕಾಣುತ್ತದೆ ಎಂದಷ್ಟೇ ಕೇಳುತ್ತಾನೆ. ಎರಡನೆಯ ಪ್ರಶ್ನೆಯೇ ಇದರ ಜೀವಾಳ. ಅದಿಲ್ಲದೆ ಹೋದರೆ ಉಳಿಯುವುದು ಹರಟೆ.

ಇದಕ್ಕಿಂತ ವಿಸ್ತಾರವಾದ ಪರೀಕ್ಷೆ ನಡೆದದ್ದು ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ. ೨೦೧೧ರಲ್ಲಿ ತೆರೆದ ಕ್ರಿಸ್ಟಲ್ ಬ್ರಿಜಸ್ ಸಂಗ್ರಹಾಲಯಕ್ಕೆ ಶಾಲಾಪ್ರವಾಸದ ಬೇಡಿಕೆ ಮಿತಿಮೀರಿದಾಗ ಚೀಟಿ ಎತ್ತಿ ಶಾಲೆಗಳನ್ನು ಆರಿಸಲಾಯಿತು. ಇದರಿಂದ ಹೋದವರನ್ನೂ ಹೋಗದವರನ್ನೂ ನ್ಯಾಯವಾಗಿ ಹೋಲಿಸುವ ಅವಕಾಶ ಸಂಶೋಧಕರಿಗೆ ದೊರೆಯಿತು. ೧೨೩ ಶಾಲೆಗಳ ಸುಮಾರು ೧೧,೦೦೦ ವಿದ್ಯಾರ್ಥಿಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ, ಅರ್ಧ ದಿನದ ಭೇಟಿಯೊಂದೇ ಮಕ್ಕಳ ವಿಮರ್ಶಾಶಕ್ತಿಯನ್ನು ಅಲ್ಪವಾದರೂ ಅಳೆಯಬಹುದಾದಷ್ಟು ಹೆಚ್ಚಿಸಿತ್ತು. ಹಳ್ಳಿಗಾಡಿನ ಮತ್ತು ಬಡ ಶಾಲೆಗಳ ಮಕ್ಕಳಲ್ಲಿ ಲಾಭ ಇನ್ನೂ ಅಧಿಕ. ವಿಸ್ಮಯದ ಅಂಶ ಬೇರೊಂದಿದೆ. ಈಸ್ಟ್‌ಮನ್ ಜಾನ್ಸನ್ನನ ಚಿತ್ರವೊಂದರಲ್ಲಿ ಮೇಪಲ್ ಮರದ ರಸದಿಂದ ಸಕ್ಕರೆ ಕಾಸುವ ದೃಶ್ಯವಿದೆ. ಗುಲಾಮರ ದುಡಿಮೆಯ ಸಕ್ಕರೆಯನ್ನು ವಿರೋಧಿಸುವವರಿಗೆ ಅದು ಪರ್ಯಾಯವಾಗಿತ್ತೆಂಬುದನ್ನು, ಯಾವ ಪರೀಕ್ಷೆಯ ಭಯವೂ ಇಲ್ಲದೆ, ಚಿತ್ರ ನೋಡಿದ ಶೇಕಡಾ ೮೮ರಷ್ಟು ಮಕ್ಕಳು ವಾರಗಳ ಬಳಿಕವೂ ನೆನಪಿಟ್ಟುಕೊಂಡಿದ್ದರು. ಕಣ್ಣಿಗೆ ಅಂಟಿದ ಮಾಹಿತಿ ಹಾಗೆ ಉಳಿಯುತ್ತದೆ. ಕುಮಾರಸ್ವಾಮಿ ಮತ್ತು ಡ್ಯೂಯಿ ಇಬ್ಬರೂ ಇಲ್ಲಿ ಅರ್ಧರ್ಧ ಗೆದ್ದಿದ್ದಾರೆ ಎನ್ನಬಹುದು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಆತಕೂರು ಶಾಸನ ಈ ಚರ್ಚೆಗೆಲ್ಲ ಒಂದು ನಿಕಷ. ೯೪೯-೫೦ರ ಈ ಕಲ್ಲು ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಗಳಿಸಿದ ಜಯವನ್ನು ದಾಖಲಿಸುವುದರಿಂದ ಇತಿಹಾಸಕಾರರಿಗೆ ಇದು ಅಮೂಲ್ಯ. ಆದರೆ ಕಲ್ಲಿನ ಮೇಲೆ ಕಡೆದಿರುವುದು ಅರಸರನ್ನಲ್ಲ. ಹಂದಿಯೊಡನೆ ಸೆಣಸುತ್ತಿರುವ ಒಂದು ನಾಯಿಯನ್ನು. ಯುದ್ಧದಲ್ಲಿ ಮೆರೆದ ಮಣಲರತನೆಂಬ ವೀರನು ಒಡೆಯನಿಂದ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಅದು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು; ಅವನು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟ.

ಲಿಪಿ ತಿಳಿಯದ ಬಾಲಕನೊಬ್ಬ ಈ ಕಲ್ಲಿನ ಮುಂದೆ ನಿಂತರೆ ಅವನಿಗೆ ಕಾಣುವುದು ನಾಯಿ ಮತ್ತು ಹಂದಿ, ಆ ಎರಡು ಮೈಗಳ ಬಿಗಿತ. ಫಲಕವು ‘ಶಾಸನ, ಹತ್ತನೆಯ ಶತಮಾನ’ ಎಂದಷ್ಟೇ ಹೇಳಿದರೆ ಅವನು ಗುರುತಿನೊಂದಿಗೆ ಮುಂದೆ ಸಾಗುತ್ತಾನೆ. ತಕ್ಕೋಲದ ರಾಜಕೀಯವನ್ನೆಲ್ಲ ಮೊದಲೇ ಹೇರಿದರೆ ನಾಯಿ ಮರೆಯಾಗುತ್ತದೆ. ವಿದ್ಯಾಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ನಾಡವರನ್ನು ಕವಿರಾಜಮಾರ್ಗವು ಕಂಡಿದ್ದುದು ಈ ಶಾಸನಕ್ಕಿಂತ ಸುಮಾರು ನೂರು ವರ್ಷ ಮೊದಲು. ಅಂಥ ನೋಟದ ಮೇಲೆ ನಂಬಿಕೆಯಿಟ್ಟು, ಇವೆರಡರಲ್ಲಿ ಯಾವುದು ಗೆಲ್ಲುತ್ತಿದೆ, ಹಾಗೆನ್ನಲು ಕಲ್ಲಿನಲ್ಲಿ ಏನು ಕಾಣುತ್ತದೆ ಎಂದು ಬಾಲಕನನ್ನು ಕೇಳಬಹುದು. ಅವನು ಕಲ್ಲನ್ನು ಮತ್ತೊಮ್ಮೆ ನೋಡಿದ ಮೇಲೆ ನಾಯಿಯ ಹೆಸರನ್ನು ಹೇಳಬೇಕು. ಆ ಹೆಸರು ಯಾವ ಸಾಲಿನಲ್ಲಿ ಕೊರೆದಿದೆ ಎಂಬುದನ್ನು ಅನಂತರ ತೋರಿಸಬೇಕು.