ಸಹಕಾರ ಮಳಿಗೆಯಲ್ಲಿ ರೈತನೊಡನೆ ನಡತೆ

ಮುಂಗಾರು ಮಳೆ ಬಿದ್ದು ಭೂಮಿ ಹದಕ್ಕೆ ಬಂದೊಡನೆ ಸಹಕಾರ ಸಂಘದ ಬೀಜ ಗೊಬ್ಬರದ ಮಳಿಗೆಯ ಮುಂದೆ ರೈತರು ನೆರೆಯುವರು. ಸಂಘದ ಆಡಳಿತ ಮಂಡಲಿಯಲ್ಲಿ ಸಾಮಾನ್ಯವಾಗಿ ಗ್ರಾಮದ ಮುಖಂಡರೂ ಭೂಮಾಲೀಕರೂ ಇರುವುದರಿಂದ, ಅಲ್ಲಿಗೆ ಬರುವ ಸಣ್ಣ ರೈತನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಅವರು ಮುಖ್ಯವಾಗಿ ಗಮನಿಸತಕ್ಕ ವಿಷಯವಾಗಿದೆ.

ಹದವು ಯಾರಿಗಾಗಿಯೂ ಕಾಯುವುದಿಲ್ಲ. "ನಾಳೆ ಬಾ" ಎಂಬ ಮಾತನ್ನು ಎರಡು ಸಲ ಕೇಳಿ ಹಿಂದಿರುಗಿದ ರೈತನು ಮೂರನೆಯ ಸಲ ಮಳಿಗೆಗೆ ಬಾರದೆ, ಸಾಲ ಕೊಡುವ ಅಂಗಡಿಯಲ್ಲಿ ಚೀಟಿಯಿಲ್ಲದ ಬೀಜವನ್ನು ಕೊಳ್ಳುವನು. ಅದು ಮೊಳೆಯದೆ ಹೋದುದು ತಿಳಿಯಲು ವಾರ ಹಿಡಿಯುವುದು. ಅಷ್ಟರಲ್ಲಿ ಹದ ಆರಿರುವುದು. ಹೀಗೆ ಉಪೇಕ್ಷೆಯ ಒಂದು ಮಾತಿನಿಂದ ಒಂದು ಕುಟುಂಬದ ವರ್ಷದ ಬೆಳೆಯೇ ಕೆಡಬಹುದು. ಆದುದರಿಂದ ಈ ಕೆಳಗಿನ ಅಂಶಗಳನ್ನು ನಿತ್ಯದ ಆಚರಣೆಯಲ್ಲಿಡುವುದು ಅವಶ್ಯಕ.

1. ಸರದಿ: ಟ್ರಾಕ್ಟರಿನಲ್ಲಿ ಬಂದ ದೊಡ್ಡ ಹಿಡುವಳಿದಾರರಿಗೂ, ಚೀಲವನ್ನು ತಲೆಯ ಮೇಲೆ ಹೊತ್ತೊಯ್ಯಲು ಬಂದ ಹೆಣ್ಣುಮಗಳಿಗೂ ಸರದಿ ಒಂದೇ. ಊರಿನ ಹಿರಿಯರು ತಾವೇ ಸರದಿಯಲ್ಲಿ ನಿಂತರೆ ಬೇರೆ ಆಜ್ಞೆ ಬೇಕಾಗುವುದಿಲ್ಲ.

2. ಸತ್ಯವಾದ ಮಾತು: 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಗೊಬ್ಬರದ ದಿನದ ದಾಸ್ತಾನನ್ನೂ ದರವನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡತಕ್ಕದ್ದು. ಓದು ಬಾರದವರಿಗೆ ಅದನ್ನು ಓದಿ ಹೇಳಬೇಕು. ಮಾಲು ಇಲ್ಲದಿದ್ದರೆ ಇಲ್ಲವೆನ್ನಬೇಕು; ಬರುವ ದಿನ ಖಚಿತವಾಗಿ ಗೊತ್ತಿಲ್ಲದೆ ದಿನವನ್ನು ಹೇಳಕೂಡದು.

3. ಚೀಟಿ ಮತ್ತು ರಸೀತಿ: ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುವುದು. ಮೊಳಕೆಯ ಪ್ರಮಾಣವು ಭತ್ತಕ್ಕೆ ನೂರಕ್ಕೆ 80ಕ್ಕೂ, ರಾಗಿಗೆ 75ಕ್ಕೂ ಕಡಿಮೆಯಿರಕೂಡದು. ಇದನ್ನೂ, ಚೀಟಿಯಲ್ಲಿರುವ ಪರೀಕ್ಷೆಯ ತಾರೀಖು ಮತ್ತು ಅವಧಿಯನ್ನೂ ರೈತನಿಗೆ ತೋರಿಸಿಕೊಡಬೇಕು. ಕೇಳದಿದ್ದರೂ ರಸೀತಿ ಕೊಟ್ಟು, ಬೆಳೆ ಕೈಸೇರುವವರೆಗೆ ಎರಡನ್ನೂ ಜೋಪಾನವಾಗಿಡಲು ತಿಳಿಸಬೇಕು.

4. ದೂರು: ಬೀಜ ಮೊಳೆಯಲಿಲ್ಲವೆಂದು ಬಂದವನನ್ನು "ನಿನ್ನ ಹೊಲದ ದೋಷ" ಎಂದು ಗದರಿಸಬಾರದು. ಬೀಜವು ಆಳವಾಗಿ ಬಿದ್ದಿರಬಹುದು, ಮೇಲ್ಮಣ್ಣು ಹೆಪ್ಪುಗಟ್ಟಿರಬಹುದು, ಅಥವಾ ಬೀಜವೇ ಕೆಟ್ಟಿರಬಹುದು. ಹೊಲವನ್ನು ನೋಡಿದಲ್ಲದೆ ಕಾರಣ ತಿಳಿಯದು. ಆ ದಿನವೇ ದೂರನ್ನು ಬರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು.

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಸಹಕಾರ ಸಂಘದಲ್ಲಿ ಕೊಳ್ಳಲು ಬಂದ ಸದಸ್ಯನೇ ಮಳಿಗೆಯ ಒಡೆಯನೂ ಹೌದು. ಅವನನ್ನು ಬಾಗಿಲಲ್ಲಿ ಕಾಯಿಸಿ ಕಳುಹಿಸುವುದು ಒಡೆಯನನ್ನೇ ಹಿಂದಕ್ಕೆ ಕಳುಹಿಸಿದಂತೆ. ಮಂಡಲಿಯವರು ಮುಂದಿನ ಬಿತ್ತನೆಗೆ ಮೊದಲೇ ಸಭೆ ಸೇರಿ, ಈ ನಾಲ್ಕು ಅಂಶಗಳನ್ನು ಮಳಿಗೆಯ ಸಿಬ್ಬಂದಿಗೆ ಓದಿಸಿ, ಹದದ ದಿನಗಳಲ್ಲಿ ಒಬ್ಬೊಬ್ಬರಾಗಿ ಮಳಿಗೆಯಲ್ಲಿ ಖುದ್ದಾಗಿ ಹಾಜರಿರುವುದು ಉತ್ತಮ.